ಪರ, ವಿರೋಧ, ತಟಸ್ಥ

ಹಗಲುಗನಸು ಕಾಣುವುದಕ್ಕೆ ಬೆರಳಕ್ಕ ಕಣ್ಣು ಮುಚ್ಚಬೇಕಾಗಿರಲಿಲ್ಲ. ಟೈಪ್ ಮಾಡಲು ಕೂತರೆ ಸಾಕಿತ್ತು. ಹತ್ತು ಬೆರಳುಗಳು ತಮ್ಮ ತಮ್ಮ ಜಾಗಕ್ಕೆ ಇಳಿದದ್ದೇ ತಡ, ಮನಸ್ಸು ಮೆಲ್ಲಗೆ ಎದ್ದು ಕಿಟಕಿಯಾಚೆ ಹೊರಟುಬಿಡುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಕನ್ನಡಕದ ಅಂಗಡಿ, ಅದರ ಪಕ್ಕ ಕೊಡೆ ರಿಪೇರಿಯವನು, ಅಲ್ಲಿಂದಾಚೆ ಬಸ್ಸು ತಿರುಗುವ ಜಾಗ. ಅಲ್ಲೆಲ್ಲ ಒಂದು ಸುತ್ತು ಹಾಕಿ, ಕಾಂಪೌಂಡ್ ಗೋಡೆಯ ಮೇಲೆ ಮಲಗಿದ ಬೆಕ್ಕನ್ನು ಮಾತನಾಡಿಸಿ, ಪುಟ ಮುಗಿಯುವ ಹೊತ್ತಿಗೆ ಸರಿಯಾಗಿ ವಾಪಸು ಬಂದು ಕೂರುತ್ತಿತ್ತು. ಅಷ್ಟರಲ್ಲಿ ಬೆರಳುಗಳು ತಮ್ಮ ಪಾಡಿಗೆ ತಪ್ಪಿಲ್ಲದ ಒಂದು ಪುಟ ಮುಗಿಸಿರುತ್ತಿದ್ದವು. ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಬೆರಳಕ್ಕ ಎನ್ನುತ್ತಿದ್ದರು. ನಿಜವಾದ ಹೆಸರು ಏನಿದ್ದರೂ ಹಾಜರಿ ಪುಸ್ತಕಕ್ಕೆ ಗೊತ್ತಿತ್ತು.

ಅದು ಅರ್ಥಶಾಸ್ತ್ರದ ಅಧ್ಯಯನ ಸಂಸ್ಥೆ. ಎರಡಂತಸ್ತಿನ ಹಳೆಯ ಕಟ್ಟಡ, ಮೇಲೆ ಹತ್ತುವಾಗ ಮೂರನೆಯ ಮೆಟ್ಟಿಲು ಅಲ್ಲಾಡುತ್ತಿತ್ತು. ಒಳಗಿದ್ದವರಿಗೆಲ್ಲ ಹೆಸರಿನ ಹಿಂದೆ ಮುಂದೆ ಪದವಿಗಳ ಬಾಲ. ಬೆರಳಕ್ಕನಿಗೆ ಮಾತ್ರ ಬಾಲವಿರಲಿಲ್ಲ. ಅವಳು ಓದಿದ್ದು ಏಳನೇ ತರಗತಿ, ಅದೂ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ ಅವಳು ಸುಳ್ಳು ಹೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಲೇ ಇಲ್ಲ. ಇಷ್ಟು ಚೆನ್ನಾಗಿ ಟೈಪ್ ಮಾಡುವವಳು ಏನೋ ಒಂದಷ್ಟು ಓದಿರಲೇಬೇಕು ಎಂದು ಅವರವರೇ ಅಂದುಕೊಂಡಿದ್ದರು.

ಏಳನೇ ತರಗತಿ ಮುಗಿದ ವರ್ಷ ಅವಳ ಅಪ್ಪನ ಕಣ್ಣು ಹೋಯಿತು. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಇಡೀ ಆಯಸ್ಸು ಅಕ್ಷರಗಳನ್ನು ತಲೆಕೆಳಗಾಗಿ ಓದಿ ಓದಿ ಕಣ್ಣು ಸವೆಯಿತು ಎಂದು ಅವರೇ ತಮಾಷೆ ಮಾಡುತ್ತಿದ್ದರು. ಕಣ್ಣು ಹೋದರೂ ಪೇಪರಿನ ಚಟ ಹೋಗಲಿಲ್ಲ. ಮಗಳು ಶಾಲೆ ಬಿಟ್ಟು ಮನೆ ನೋಡಿಕೊಂಡಳು, ಬೆಳಿಗ್ಗೆ ಎರಡು ಪೇಪರ್ ಜೋರಾಗಿ ಓದಿದಳು. ಅರ್ಥವಾಗದ ಕಡೆ ಅಪ್ಪ ಮಂಚದ ಅಂಚಿಗೆ ಒಮ್ಮೆ ಬಡಿಯುತ್ತಿದ್ದರು. ಆಗ ನಿಲ್ಲಿಸಬೇಕು, ಮತ್ತೆ ಓದಬೇಕು, ಆಗಲೂ ಆಗದಿದ್ದರೆ ಇಬ್ಬರೂ ಸೇರಿ ಆ ವಾಕ್ಯ ಬರೆದವನನ್ನು ಬೈಯಬೇಕು. ಕನ್ನಡಕದ ಅಂಗಡಿಯ ಮೇಲಿದ್ದ ಟೈಪಿಂಗ್ ಶಾಲೆಗೆ ಸೇರಿದ್ದು ಆಮೇಲೆ. ಅಲ್ಲಿನ ಟೀಚರಮ್ಮ ಕೀಲಿಗಳ ಮೇಲೆ ಕರವಸ್ತ್ರ ಹೊದಿಸಿ, 'ನೋಡದೆ ಹೊಡಿ' ಎನ್ನುತ್ತಿದ್ದರು. ಮನೆಯಲ್ಲಿ ಕಣ್ಣಿಲ್ಲದೆ ಓದುವ ಅಪ್ಪ, ಇಲ್ಲಿ ಕಣ್ಣಿಲ್ಲದೆ ಬರೆಯುವ ಮಗಳು. ಅವಳ ಕನಸಿನ ಚಾಳಿ ಶುರುವಾದದ್ದು ಆ ಕರವಸ್ತ್ರದ ಕೆಳಗೇ ಇರಬೇಕು.

ಸಂಸ್ಥೆಯಲ್ಲಿ ಅವಳ ಪಾಲಿಗೆ ಬಂದವರು 'ಆದರೆ' ಮೇಷ್ಟ್ರು. ದೊಡ್ಡ ಅರ್ಥಶಾಸ್ತ್ರಜ್ಞರು, ಅವರ ಪುಸ್ತಕಗಳು ಹೊರದೇಶಗಳ ಕಪಾಟುಗಳಲ್ಲೂ ಇದ್ದವು. ಯಾರು ಏನೇ ಹೇಳಲಿ, 'ಆದರೆ' ಎಂದೇ ಅವರು ಬಾಯಿ ತೆರೆಯುತ್ತಿದ್ದದ್ದು. 'ಇವತ್ತು ಬಿಸಿಲು ಚೆನ್ನಾಗಿದೆ ಸರ್' ಎಂದರೂ ಸರಿ, 'ಆದರೆ' ಬರುತ್ತಿತ್ತು. ಆ ಹೆಸರು ತಮಗಿದೆ ಎಂದು ಅವರಿಗೆ ಗೊತ್ತಿತ್ತು. 'ಆದರೆ ಅದರಲ್ಲಿ ತಪ್ಪೇನಿದೆ?' ಎಂದು ಒಮ್ಮೆ ಕೇಳಿದ್ದರು.

ಅವರು ಕೂತು ಬರೆದವರಲ್ಲ. ಕಣ್ಣು ಮುಚ್ಚಿ, ಬಾಗಿಲಿಂದ ಕಿಟಕಿಗೆ ಏಳು ಹೆಜ್ಜೆ, ಕಿಟಕಿಯಿಂದ ಬಾಗಿಲಿಗೆ ಏಳು ಹೆಜ್ಜೆ ನಡೆಯುತ್ತ ಹೇಳುತ್ತಿದ್ದರು. ಬೆರಳಕ್ಕ ಟೈಪ್ ಮಾಡುತ್ತಿದ್ದಳು. ನಡುವೆ ಯಾರಾದರೂ ಬಾಯಿ ಹಾಕಿದರೆ ಮುಗಿಯಿತು, ಆ ದಿನದ ಯೋಚನೆ ಹಾಲು ಒಡೆದ ಹಾಗೆ ಒಡೆಯುತ್ತಿತ್ತು. ಹೀಗಾಗಿ, ಅರ್ಥವಾಗದ ಕಡೆ ಬೆರಳಕ್ಕ ಸುಮ್ಮನೆ ಎರಡು ಸಾಲು ಜಾಗ ಬಿಟ್ಟು ಮುಂದಕ್ಕೆ ಹೋಗುತ್ತಿದ್ದಳು. ಮೊದಲ ತಿಂಗಳು ಅದನ್ನು ನೋಡಿ ಮೇಷ್ಟ್ರು ಕೆಂಡವಾದರು.

"ಇದೇನಮ್ಮ, ಕಾಗದ ಪುಕ್ಕಟೆ ಬರುತ್ತಾ?"

"ಅಲ್ಲಿ ನನಗೆ ತಿಳೀಲಿಲ್ಲ ಸರ್. ಮಧ್ಯದಲ್ಲಿ ಕೇಳೋ ಹಾಗಿರಲಿಲ್ಲ, ಅದಕ್ಕೆ ಬಿಟ್ಟೆ."

ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಅದರ ಮೇಲಿನ ವಾಕ್ಯವನ್ನು ಓದಿದರು, ಮತ್ತೆ ಓದಿದರು. ಆಮೇಲೆ ಪೆನ್ನು ತೆಗೆದು ಆ ಎರಡು ಸಾಲಿನಲ್ಲಿ ಅದನ್ನೇ ಬಿಡಿಸಿ ಬರೆದರು. ಅಂದಿನಿಂದ ಅದೇ ಪದ್ಧತಿಯಾಯಿತು. 'ಕಠಿಣ ವಿಷಯವನ್ನು ಇಷ್ಟು ತಿಳಿಯಾಗಿ ಬರೆಯುವವರು ಇನ್ನೊಬ್ಬರಿಲ್ಲ' ಎಂದು ವಿಮರ್ಶಕರು ಅವರನ್ನು ಹೊಗಳಿದ್ದೇ ಹೊಗಳಿದ್ದು. ಆ ತಿಳಿನೀರಿನ ಮೂಲ ಏಳನೇ ತರಗತಿಯಲ್ಲಿತ್ತೆಂದು ಯಾವ ವಿಮರ್ಶಕನಿಗೂ ತಿಳಿಯಲಿಲ್ಲ.

ಮೇಷ್ಟ್ರು ಆಯಸ್ಸೆಲ್ಲ ಜಗಳವಾಡಿದ್ದು ಎರಡರ ಜೊತೆ: ಒಂದು ಮತಪೆಟ್ಟಿಗೆ, ಇನ್ನೊಂದು ಶಾಲೆ. ಮತವನ್ನು ಎಣಿಸುತ್ತಾರೆ, ತೂಗುವುದಿಲ್ಲ ಎನ್ನುವುದು ಅವರ ಮೊದಲ ದೂರು. ಲಕ್ಷಗಟ್ಟಲೆ ಮತದಲ್ಲಿ ತನ್ನದೊಂದು ಬಿದ್ದರೆಷ್ಟು, ಬಿಟ್ಟರೆಷ್ಟು? ಅದಕ್ಕೇ ಯಾರೂ ಯೋಚಿಸಿ ಮತ ಹಾಕುವುದಿಲ್ಲ. ಒಂದು ಟೊಮೆಟೊ ಕೊಳ್ಳುವಾಗ ಹತ್ತು ಸಲ ಹಿಸುಕಿ ನೋಡುವ ಮನುಷ್ಯ, ಸರ್ಕಾರ ಆರಿಸುವಾಗ ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಇನ್ನು ಶಾಲೆ ಕಲಿಸುವುದಕ್ಕಿಂತ ಹೆಚ್ಚಾಗಿ ಮುದ್ರೆ ಒತ್ತುತ್ತದೆ. ಮುದ್ರೆ ನೋಡಿ ಕೆಲಸ ಕೊಟ್ಟರೆ, ಒಳಗೇನಿದೆ ಎಂದು ಇಣುಕುವ ಶ್ರಮ ತಪ್ಪುತ್ತದಲ್ಲ! ನಾಟಕ ನೋಡುವಾಗ ಒಬ್ಬ ಎದ್ದು ನಿಂತ ಎಂದು ಹಿಂದಿನವರೆಲ್ಲ ಎದ್ದು ನಿಂತರೆ ಯಾರಿಗೂ ಹೆಚ್ಚು ಕಾಣುವುದಿಲ್ಲ, ಕಾಲು ಮಾತ್ರ ನೋಯುತ್ತದೆ. ಪದವಿಗಳ ಕತೆಯೂ ಅಷ್ಟೆ, ಎನ್ನುತ್ತಿದ್ದರು.

ಹೇಳುವುದೊಂದು ಮಾಡುವುದೊಂದು ಎನ್ನುವ ಜಾತಿಯವರಲ್ಲ ಅವರು. ಹುಟ್ಟಿದಾರಭ್ಯ ಒಂದು ಚುನಾವಣೆಯಲ್ಲೂ ಮತ ಹಾಕಲಿಲ್ಲ. ಸಂಸ್ಥೆಯ ಸಮಿತಿಯಲ್ಲೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು, ಕೈ ಮಾತ್ರ ಎತ್ತುತ್ತಿರಲಿಲ್ಲ. ಸಭೆಯ ನಡಾವಳಿಯನ್ನು ಅಲ್ಲೇ ಕೂತು ಟೈಪ್ ಮಾಡಿ, ಓದಿ ಹೇಳಿ, ಸಹಿ ಹಾಕಿಸುವುದು ಬೆರಳಕ್ಕನ ಕೆಲಸ. 'ಪರ', 'ವಿರೋಧ', 'ತಟಸ್ಥ' ಎಂದು ಮೂರು ತಲೆಬರಹ ಮೊದಲೇ ಹೊಡೆದಿಟ್ಟುಕೊಳ್ಳುತ್ತಿದ್ದಳು. ತಟಸ್ಥದ ಕೆಳಗೆ ಮೇಷ್ಟ್ರ ಹೆಸರನ್ನೂ ಮೊದಲೇ ಹೊಡೆದಿಟ್ಟರೆ ತಪ್ಪೇನಿರಲಿಲ್ಲ, ಅಷ್ಟು ಖಾತ್ರಿ.

ಅವರ ಮಾತುಗಳು ಅವಳ ಬೆರಳುಗಳಿಂದ ಹಾದುಹೋಗುವಾಗ ಒಂದಿಷ್ಟು ಕನಸಿಗೂ ಸೋರಿಕೊಳ್ಳುತ್ತಿದ್ದವು. 'ಸರಾಸರಿ ಮತದಾರ' ಎಂದು ಅವರು ಪದೇಪದೇ ಹೇಳುತ್ತಿದ್ದ ಮನುಷ್ಯನನ್ನು ಬೆರಳಕ್ಕ ದಿನಾ ನೋಡುತ್ತಿದ್ದಳು. ಅವನಿಗೆ ಎರಡೂಕಾಲು ಮಕ್ಕಳು, ಮುಕ್ಕಾಲು ಸೈಕಲ್ಲು, ಆರೂವರೆ ವರ್ಷದ ಶಾಲೆ. ಬಸ್ಸು ತಿರುಗುವ ಜಾಗದಲ್ಲಿ ಕಂಬಕ್ಕೆ ಒರಗಿ ನಿಂತಿರುತ್ತಿದ್ದ. ಕಾಲು ಮಗು ಅವನ ಜೇಬಿನಿಂದ ಇಣುಕುತ್ತಿತ್ತು. ಎಲ್ಲರೂ ಅವನ ಬಗ್ಗೆ ಮಾತನಾಡುತ್ತಾರೆ, ಅವನನ್ನು ಯಾರೂ ಮಾತನಾಡಿಸುವುದಿಲ್ಲ ಎಂದು ಬೆರಳಕ್ಕನಿಗೆ ಮರುಕ. ಒಮ್ಮೆ ಅವನ ಪಕ್ಕ ಕೂತು, 'ನಂದು ನಿಮಗಿಂತ ಅರ್ಧ ವರ್ಷ ಜಾಸ್ತಿ' ಎಂದು ಗುಟ್ಟು ಹೇಳಿದಳು. ಅವನು ನಕ್ಕ. ಅಷ್ಟರಲ್ಲಿ ಪುಟ ಮುಗಿಯಿತು.

ಮನೆಯಲ್ಲಿ ಯಜಮಾನರದು ಗಡಿಯಾರ ರಿಪೇರಿ. ಮುಂದಿನ ಕೋಣೆಯೇ ಅಂಗಡಿ, ಗೋಡೆ ತುಂಬ ಗಡಿಯಾರ, ಒಂದಕ್ಕೊಂದು ತಾಳೆಯಿಲ್ಲ. ಬಂದವರು ಸಮಯ ಕೇಳಿದರೆ, "ಇರಿ, ಬಹುಮತ ನೋಡಿ ಹೇಳ್ತೀನಿ" ಎನ್ನುತ್ತಿದ್ದರು ಯಜಮಾನರು. ಬೆರಳಕ್ಕ ಇದನ್ನು ಮೇಷ್ಟ್ರಿಗೆ ಹೇಳಿದಳು. ಮೇಷ್ಟ್ರು ಅದನ್ನು ಮುಂದಿನ ಪುಸ್ತಕದಲ್ಲಿ ಹಾಕಿಯೇಬಿಟ್ಟರು, 'ಒಬ್ಬ ಚಿಂತಕರು ಹೇಳಿದಂತೆ' ಎಂದು ಸೇರಿಸಿ. ಆ ಸಾಲು ಓದಿಸಿ ಕೇಳಿದ ದಿನ ಯಜಮಾನರು ಮೀಸೆ ಸವರಿಕೊಂಡು, "ಏನೇ, ಇನ್ಮೇಲೆ ಚಿಂತಕರಿಗೆ ಟೀ ಸ್ವಲ್ಪ ಗಟ್ಟಿಯಾಗಿರಲಿ" ಎಂದರು.

ಮೇಷ್ಟ್ರು ಕೊನೆಯ ಪುಸ್ತಕ ಎಂದು ತಾವೇ ಹೇಳಿಕೊಂಡ ಪುಸ್ತಕ ಶುರುವಾಗುವಷ್ಟರಲ್ಲಿ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು, ಕನಸು ಕಾಣಲು ಅದೂ ಒಗ್ಗಿತ್ತು. ಅದರ ಒಂದು ಅಧ್ಯಾಯದಲ್ಲಿ ಮೇಷ್ಟ್ರು ಹೊಸ ವಾದ ಹೂಡಿದರು. ದೇಶದ ವಿಷಯದಲ್ಲಿ ಹತ್ತು ಸರಳ ಪ್ರಶ್ನೆ ಕೇಳಿ. ಅರ್ಧಕ್ಕಾದರೂ ಉತ್ತರ ಕೊಟ್ಟವರಿಗೆ ಪೂರ್ತಿ ಮತ, ಕೊಡದವರಿಗೆ ಅರ್ಧ ಮತ. ಮೂರು ದಿನ ಹೇಳಿದರು. ನಾಲ್ಕನೆಯ ದಿನ ಪುಟಗಳನ್ನು ತಿರುವಿ ಹಾಕಿ ಆಶ್ಚರ್ಯಪಟ್ಟರು.

"ಈ ಸಲ ಒಂದು ಕಡೆಯೂ ಜಾಗ ಬಿಟ್ಟಿಲ್ಲವಲ್ಲಮ್ಮ?"

"ಎಲ್ಲಾ ಅರ್ಥ ಆಯ್ತು ಸರ್" ಎಂದಳು ಬೆರಳಕ್ಕ, ಅರ್ಧ ಮತದ ಸಾಲಿನ ಮೇಲೆ ಕಣ್ಣಿಟ್ಟು.

ಮೇಷ್ಟ್ರಿಗೆ ಖುಷಿಯೋ ಖುಷಿ. ಕೋಣನ ಮುಂದೆ ಕಿನ್ನರಿ ಬಾರಿಸಿದವರಿಗೆ ಬೇಸರವಾಗುತ್ತದೆ ಎನ್ನುತ್ತಾರೆ. ಕಿನ್ನರಿ ಬಾರಿಸುವವನಿಗೇ ಕಿವಿ ಕೇಳದಿದ್ದರೆ ಏನು ಮಾಡುವುದು ಹೇಳಿ.

ಆ ಪ್ರಶ್ನೆಗಳನ್ನು ಅವರು ಸಂಸ್ಥೆಯಲ್ಲೇ ಪರೀಕ್ಷೆಗೆ ಹಚ್ಚಿದರು. ಸಮಿತಿಯ ಸದಸ್ಯರು, ಕಚೇರಿಯವರು, ಎಲ್ಲರಿಗೂ ಒಂದೊಂದು ಹಾಳೆ. ನಿರ್ದೇಶಕರಿಗೆ ಆರು ಬಂತು. ಹಣಕಾಸು ವಿಭಾಗದ ಮುಖ್ಯಸ್ಥರಿಗೆ ಮೂರು. ಅಂಕಿಅಂಶದ ಪ್ರಾಧ್ಯಾಪಕರಿಗೆ, ಹೆಸರಿನ ಮುಂದೆ ಅತಿ ಉದ್ದದ ಬಾಲವಿದ್ದವರಿಗೆ, ನಾಲ್ಕು. ಬೆರಳಕ್ಕನಿಗೆ ಒಂಬತ್ತು. ಹತ್ತನೆಯದೂ ಗೊತ್ತಿತ್ತು, ಎಲ್ಲ ಸರಿ ಬರೆದರೆ ಚೆನ್ನಾಗಿರುವುದಿಲ್ಲ ಎಂದು ಬಿಟ್ಟಿದ್ದಳು. ಮೂವತ್ತೊಂದು ವರ್ಷ ಟೈಪ್ ಮಾಡಿದ್ದೆಲ್ಲ ಗಾಳಿಗೆ ಹೋಗಿರಲಿಲ್ಲ.

ಇದಾದ ಎರಡು ವಾರಕ್ಕೆ, ಮೇಲಿನವರ ಸೂಚನೆಯಂತೆ, ಒಂದು ಸುತ್ತೋಲೆ ಹೊರಟಿತು. ನಿರ್ದೇಶಕರು ಕರಡು ಕೊಟ್ಟರು, ಬೆರಳಕ್ಕ ಎಂದಿನಂತೆ ಟೈಪ್ ಮಾಡಿದಳು. ಮನಸ್ಸು ಕೊಡೆ ರಿಪೇರಿಯವನ ಹತ್ತಿರ ನಿಂತು, ಕಪ್ಪು ಬಟ್ಟೆಗೆ ಅವನು ಹೊಲಿಗೆ ಹಾಕುವುದನ್ನು ನೋಡುತ್ತಿತ್ತು. ಐದು ಪ್ರತಿ ತೆಗೆದು, ತಪ್ಪಿದೆಯೇ ಎಂದು ನೋಡಲು ಮನಸ್ಸು ವಾಪಸು ಬಂದು ಓದಿದಾಗಲೇ ಹೊಡೆದದ್ದು ಏನೆಂದು ಅವಳಿಗೆ ತಿಳಿದದ್ದು. 'ಕಚೇರಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಕನಿಷ್ಠ ಹತ್ತನೇ ತರಗತಿ ತೇರ್ಗಡೆಯಾಗಿರತಕ್ಕದ್ದು. ಪ್ರಮಾಣಪತ್ರ ಹಾಜರುಪಡಿಸದವರ ಸೇವೆ ಈ ತಿಂಗಳ ಕೊನೆಗೆ ಮುಕ್ತಾಯವಾಗುತ್ತದೆ.' ಒಂದೇ ಒಂದು ತಪ್ಪಿರಲಿಲ್ಲ. ಐದೂ ಪ್ರತಿಗಳನ್ನು ತಾನೇ ತೆಗೆದುಕೊಂಡು ಹೋಗಿ ಸೂಚನಾ ಫಲಕಕ್ಕೆ, ಕೋಣೆ ಕೋಣೆಗೆ ಅಂಟಿಸಿ ಬಂದಳು.

ಪ್ರಮಾಣಪತ್ರ ಇಲ್ಲದವರು ಇಡೀ ಸಂಸ್ಥೆಯಲ್ಲಿ ಅವಳೊಬ್ಬಳೇ. ನಿರ್ದೇಶಕರಿಗೆ ಅವಳೇ ಹೇಳಿದಳು, ಮರುದಿನಕ್ಕೆ ಎಲ್ಲರಿಗೂ ಗೊತ್ತಾಗಿತ್ತು. ಕಾರಿಡಾರಿನಲ್ಲಿ ಎದುರಾದವರು ಒಂದು ಕ್ಷಣ ತಡೆದು ನಕ್ಕರು. ಆ ತಡೆದ ಕ್ಷಣ ಅವಳನ್ನು ಸುಟ್ಟಿತು. ಮನೆ ನಡೆಯುವುದು ಯಜಮಾನರಿಂದಲೂ ಆಗುತ್ತಿತ್ತು, ಪ್ರಶ್ನೆ ಅದಲ್ಲ. ಆ ಕಿಟಕಿ, ಆ ಕುರ್ಚಿ, ಬಾಗಿಲಿಂದ ಕಿಟಕಿಗೆ ಏಳು ಹೆಜ್ಜೆಯ ಸದ್ದು. ಅದರ ನಡುವೆಯೇ ಅವಳು ತಾನಾಗಿದ್ದಳು. ಇನ್ನೆಲ್ಲಿ ಅವಳಿಗೆ ಇಷ್ಟು ದೂರ ಹೋಗಿ ಇಷ್ಟು ಸುರಕ್ಷಿತವಾಗಿ ವಾಪಸು ಬರಲು ಸಾಧ್ಯವಿತ್ತು?

ಪುಸ್ತಕ ನೋಡಿಕೊಳ್ಳುತ್ತಿದ್ದ ಲೈಬ್ರರಿ ಅಮ್ಮ ಗಟ್ಟಿ ಹೆಂಗಸು, ಸಮಿತಿಯ ಸದಸ್ಯೆ. ಇಪ್ಪತ್ತು ವರ್ಷ ದುಡಿದವರಿಗೆ ಈ ನಿಯಮದಿಂದ ವಿನಾಯಿತಿ ಕೊಡಬೇಕು ಎಂದು ಅವರು ಠರಾವು ತಂದರು. ಒಂಬತ್ತು ಜನರ ಸಮಿತಿ. ಸಮಸಮವಾದರೆ ಠರಾವು ಬಿದ್ದಂತೆ. ಸುದ್ದಿ ಕೇಳಿ ಮೇಷ್ಟ್ರು ಬೆರಳಕ್ಕನ ಮೇಜಿನ ಬಳಿ ಬಂದು ನಿಂತರು.

"ಏನೂ ಯೋಚನೆ ಮಾಡಬೇಡಿ. ನಾನು ತಲೆ ಎಣಿಸಿಯೇ ಬಂದಿದ್ದೀನಿ. ಆರು ಜನ ನಿಮ್ಮ ಕಡೆ, ಇಬ್ಬರು ಆ ಕಡೆ."

"ಮತ್ತೆ ನೀವು, ಸರ್?"

"ಆರು ಇರುವಾಗ ನನ್ನದೊಂದು ಕೈ ಹೆಚ್ಚಾದರೇನು, ಕಮ್ಮಿಯಾದರೇನು? ಆದರೆ ಮಾತಾಡ್ತೀನಿ ನೋಡಿ. ಈ ವಿಷಯದಲ್ಲಿ ನನಗಿಂತ ಚೆನ್ನಾಗಿ ಮಾತಾಡೋರು ಯಾರಿದ್ದಾರೆ?"

ಅದು ನಿಜವೇ ಆಗಿತ್ತು. ಬೆರಳಕ್ಕ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ಯಜಮಾನರು ಮಾತ್ರ, "ಮಾತು ಬೆಳ್ಳಿ ಅಂತಾರೆ. ಈ ಮೇಷ್ಟ್ರ ಹತ್ತಿರ ಬೆಳ್ಳಿ ಜಾಸ್ತಿಯೇ ಇದೆ, ಅದೇ ಭಯ" ಎಂದು ಗೊಣಗಿದರು.

ಸಭೆ ಮಧ್ಯಾಹ್ನ ಮೂರಕ್ಕೆ. ಉದ್ದ ಮೇಜು, ಮೇಲೆ ನಿಧಾನಕ್ಕೆ ತಿರುಗುವ ಫ್ಯಾನು, ಮೂಲೆಯಲ್ಲಿ ಬೆರಳಕ್ಕ. ಅವಳ ವಿಷಯವೇ ಚರ್ಚೆಗೆ ಬರುವಾಗ ಅವಳು ಒಳಗಿರಬಹುದೇ ಎಂದು ನಿರ್ದೇಶಕರು ಮೀನಮೇಷ ಎಣಿಸಿದರು. "ಇವರನ್ನ ಹೊರಗೆ ಕಳಿಸಿದರೆ ನಡಾವಳಿ ಯಾರು ಬರೀತಾರೆ?" ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ಅವಳನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ಅವಳೇ ಬೇಕಾಗಿತ್ತು. ಇದು ನಗುವ ವಿಷಯವಲ್ಲ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ, ಅದಕ್ಕೇನು ಹೇಳುವುದು? ಅವಳು ಮೂರು ತಲೆಬರಹ ಹೊಡೆದುಕೊಂಡಳು: ಪರ, ವಿರೋಧ, ತಟಸ್ಥ. ಈ ಬಾರಿ ಮೂರರ ಕೆಳಗೂ ಏನೂ ಬರೆಯದೆ ಬಿಟ್ಟಳು.

ಮೇಷ್ಟ್ರು ಎದ್ದರು. ಆ ದಿನದ ಹಾಗೆ ಅವರು ಯಾವತ್ತೂ ಮಾತನಾಡಿರಲಿಲ್ಲ. ಪ್ರಮಾಣಪತ್ರ ಎಂದರೆ ಡಬ್ಬಿಯ ಮೇಲಿನ ಚೀಟಿ ಎಂದರು. ಚೀಟಿ ಓದಿ ಹಸಿವು ತೀರುವುದಿಲ್ಲ ಎಂದರು. ಮೂವತ್ತೊಂದು ವರ್ಷ ತಮ್ಮ ಒಂದೊಂದು ವಾಕ್ಯವನ್ನೂ ತಿದ್ದಿದ ಗುರು ಈ ಮೂಲೆಯಲ್ಲಿ ಕೂತಿದ್ದಾರೆ ಎಂದರು. ಬೆರಳಕ್ಕ ಅದನ್ನೂ ಟೈಪ್ ಮಾಡಿದಳು, ಮುಖ ಬಿಸಿಯಾಯಿತು, ಅಕ್ಷರಗಳು ಒಂದು ಕ್ಷಣ ಮಂಜಾದವು. ಅಲ್ಲಿಗೆ ನಿಲ್ಲಿಸಿದ್ದರೆ! ಆದರೆ ಅವರು ಆದರೆ ಮೇಷ್ಟ್ರು, ನಿಲ್ಲಿಸುವವರಲ್ಲ. "ಆದರೆ ಬರೀ ಬಾಯಿಮಾತು ಬೇಡ, ಪುರಾವೆ ಇದೆ" ಎಂದು ಜೇಬಿನಿಂದ ಹಾಳೆ ತೆಗೆದರು. ಹತ್ತು ಪ್ರಶ್ನೆಗಳ ಪರೀಕ್ಷೆಯಲ್ಲಿ ಯಾರಿಗೆ ಎಷ್ಟು ಬಂದಿದೆ ಎಂದು ಒಂದೊಂದಾಗಿ ಓದಿದರು. ನಿರ್ದೇಶಕರು, ಆರು. ಅಂಕಿಅಂಶದ ಪ್ರಾಧ್ಯಾಪಕರು, ನಾಲ್ಕು. ಹಣಕಾಸಿನ ಮುಖ್ಯಸ್ಥರು, ಮೂರು. ಏಳನೇ ತರಗತಿಯ ಬೆರಳಕ್ಕ, ಒಂಬತ್ತು.

ಹಣಕಾಸಿನವರ ಕಿವಿ ಕೆಂಪಾದದ್ದು ಮೂಲೆಯಿಂದಲೇ ಕಾಣುತ್ತಿತ್ತು. ಅಂಕಿಅಂಶದವರು ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಈ ಇಬ್ಬರೂ ಬೆಳಿಗ್ಗೆ ಬೆರಳಕ್ಕನಿಗೆ ಸಿಕ್ಕಿ, 'ನಾವಿದ್ದೀವಿ' ಎಂದು ಹೇಳಿಹೋದವರು. ಮೇಷ್ಟ್ರಿಗೆ ಇದೊಂದೂ ಕಾಣಲಿಲ್ಲ. ಒಳ್ಳೆಯ ಮಾತು ಮುಗಿಸಿದ ತೃಪ್ತಿಯಲ್ಲಿ ಅವರು ಕೂತು, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡು, ಕಣ್ಣು ಮುಚ್ಚಿದ್ದರು.

"ಪರವಾಗಿರೋರು ಕೈ ಎತ್ತಿ" ಎಂದರು ನಿರ್ದೇಶಕರು.

ಲೈಬ್ರರಿ ಅಮ್ಮನ ಕೈ ಮೊದಲು ಎದ್ದಿತು, ನಿರ್ದೇಶಕರದೂ ಎದ್ದಿತು, ಇನ್ನೆರಡು ಎದ್ದವು. ಬೆರಳಕ್ಕ ನಾಲ್ಕು ಹೆಸರು ಹೊಡೆದಳು. ಅವಳ ಮನಸ್ಸು ಆ ಹೊತ್ತು ಎಲ್ಲಿಗೂ ಹೋಗಿರಲಿಲ್ಲ. ಬಸ್ಸು, ಬೆಕ್ಕು, ಕೊಡೆ, ಯಾವುದೂ ಇರಲಿಲ್ಲ. ಇಡೀ ಮನಸ್ಸು ಆ ಕೋಣೆಯಲ್ಲಿ, ಹೊಟ್ಟೆಯ ಮೇಲೆ ಜೋಡಿಸಿದ ಎರಡು ಕೈಗಳ ಮೇಲೆ ಇತ್ತು. ಕೈಗಳ ಮೇಲೆ ಬಿಸಿಲು ಬಿದ್ದಿತ್ತು. ಫ್ಯಾನು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಕೈಗಳು ಅಲ್ಲೇ ಇದ್ದವು.

"ವಿರೋಧ?"

ನಾಲ್ಕು ಕೈ. ಕೆಂಪು ಕಿವಿಯವರದು ಎಲ್ಲಕ್ಕಿಂತ ಎತ್ತರ. ನಿರ್ದೇಶಕರು ಮೇಷ್ಟ್ರ ಕಡೆ ತಿರುಗಿ, ಸ್ವಲ್ಪ ಹೊತ್ತು ಕಾದು, "ಪ್ರೊಫೆಸರ್, ತಾವು?" ಎಂದು ಬಿಡಿಸಿ ಕೇಳಿದರು.

"ಎಂದಿನಂತೆ" ಎಂದರು ಮೇಷ್ಟ್ರು, ಕಣ್ಣು ತೆರೆಯದೆ.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತನಾಡುವವರು ಬೇಕಾದಷ್ಟು ಜನ. ಇಪ್ಪತ್ತು ನಿಮಿಷ ಒಂದೇ ಕಡೆ ದೀಪ ಹಿಡಿದು, ಕೊನೆಗೆ ತಾವೇ ಗೋಡೆ ಹತ್ತಿ ಕೂತವರು ಇವರೊಬ್ಬರೇ. ನಾಲ್ಕು, ನಾಲ್ಕು, ಒಂದು. ಠರಾವು ಬಿದ್ದಿದೆ ಎಂದು ನಿರ್ದೇಶಕರು ಹೇಳಿದಾಗ ಮೇಷ್ಟ್ರ ಕಣ್ಣು ತೆರೆಯಿತು. "ಏನು? ಆರು ಅಲ್ವಾ?" ಎಂದರು. ಇನ್ನೊಮ್ಮೆ ಎಣಿಸಿ ಎಂದರು, ಕೈ ಎತ್ತಿಯೂಬಿಟ್ಟರು. ಪ್ರಕಟಿಸಿದ ಮೇಲೆ ಬದಲಾಯಿಸುವಂತಿಲ್ಲ, ನಿಯಮ ಎಂದರು ನಿರ್ದೇಶಕರು. ಅವರ ದನಿಯಲ್ಲೂ ಸಂಕಟವಿತ್ತು, ನಿಯಮವೂ ಇತ್ತು.

ನಡಾವಳಿ ಓದಿ ಹೇಳುವುದು ಪದ್ಧತಿ. ಬೆರಳಕ್ಕ ಎದ್ದು ನಿಂತು ಓದಿದಳು. ಪರವಾಗಿ ನಾಲ್ವರ ಹೆಸರು, ವಿರೋಧವಾಗಿ ನಾಲ್ವರ ಹೆಸರು. ಮೂರನೆಯ ತಲೆಬರಹಕ್ಕೆ ಬಂದಳು. ಯಾರಾದರೂ ಮೇಜಿನ ಅಂಚಿಗೆ ಒಮ್ಮೆ ಬಡಿದು ನಿಲ್ಲಿಸಬಾರದೇ ಎನ್ನಿಸಿತು. ಯಾರೂ ಬಡಿಯಲಿಲ್ಲ. ಅವಳು ಓದಿ ಮುಗಿಸಿ ಸಹಿ ಹಾಕಿಸಿಕೊಂಡಳು.

ತಿಂಗಳ ಕೊನೆಗೆ ಒಂದು ಹೂಗುಚ್ಛ ಕೊಟ್ಟರು. ಲೈಬ್ರರಿ ಅಮ್ಮ ಅಪ್ಪಿಕೊಂಡು ಅತ್ತರು. ಮೇಷ್ಟ್ರು ಆ ದಿನ ರಜೆ ಹಾಕಿದ್ದರು. ಮನೆಯಲ್ಲಿ ಬೆರಳಕ್ಕನ ದಿನಗಳು ಗೊತ್ತುಗುರಿಯಿಲ್ಲದೆ ತೇಲಿದವು. ಅನ್ನ ಬೇಯುವಾಗ ಒಲೆಯ ಕಟ್ಟೆಯ ಮೇಲೆ ಬೆರಳುಗಳು ತಾವಾಗಿಯೇ ಆಡುತ್ತಿದ್ದವು, ಯಾವ ಪುಟವೂ ಮುಗಿಯುತ್ತಿರಲಿಲ್ಲ. ಮನಸ್ಸು ಹೊರಗೆ ಹೋದದ್ದು ಹೊತ್ತು ಮುಳುಗಿದರೂ ವಾಪಸು ಬರುತ್ತಿರಲಿಲ್ಲ. ಬಸ್ಸು ತಿರುಗುವ ಜಾಗದಲ್ಲಿ ಎರಡೂಕಾಲು ಮಕ್ಕಳ ಮನುಷ್ಯನೂ ಈಗ ಕಾಣುತ್ತಿರಲಿಲ್ಲ. ಯಜಮಾನರು ಒಂದೆರಡು ದಿನ ತಮಾಷೆ ಮಾಡಿ ನೋಡಿದರು. ಆಮೇಲೆ ಸುಮ್ಮನೆ ಪಕ್ಕದಲ್ಲಿ ಕೂತು, ಚಿಕ್ಕ ಚಿಕ್ಕ ಚಕ್ರಗಳನ್ನು ಒರೆಸುವ ಕೆಲಸ ಅವಳ ಕೈಗೂ ಕೊಟ್ಟರು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಕಂಕುಳಲ್ಲಿ ಕಾಗದದ ದೊಡ್ಡ ಕಟ್ಟು. ಯಜಮಾನರು ಕುರ್ಚಿ ಸರಿಸಿ, "ಬನ್ನಿ ಸರ್" ಎಂದು ಹೇಳಿ, ಟೀ ಮಾಡುವ ನೆಪದಲ್ಲಿ ಒಳಗೆ ಹೋದರು. ಮೇಷ್ಟ್ರು ಸ್ವಲ್ಪ ಹೊತ್ತು ಗಡಿಯಾರಗಳನ್ನು ನೋಡಿದರು. ಅವರ ಗಡ್ಡ ಬೆಳೆದಿತ್ತು.

"ಮೇಲಿನವರಿಗೆ ಎರಡು ಪತ್ರ ಬರೆದೆ. ಪ್ರಯೋಜನ ಆಗಲಿಲ್ಲ" ಎಂದರು. "ಹೊಸಬಳು ಚೆನ್ನಾಗೇ ಹೊಡೀತಾಳೆ. ಆದರೆ ಜಾಗವೇ ಬಿಡೋಲ್ಲ. ಹೇಳಿದ್ದೆಲ್ಲ ಹಾಗೇ ಬರುತ್ತೆ. ಓದಿದರೆ ನನಗೇ ಅರ್ಥ ಆಗೋಲ್ಲ." ಕಟ್ಟನ್ನು ಮೇಜಿನ ಮೇಲಿಟ್ಟರು. "ಕೊನೇ ಅಧ್ಯಾಯ ಒಂದು ಉಳಿದಿದೆ. ನಾನೇ ಇಲ್ಲಿಗೆ ಬಂದು ಹೇಳ್ತೀನಿ. ಕಂಪ್ಯೂಟರ್ ತರಿಸ್ತೀನಿ."

ಬೆರಳಕ್ಕ ಕಟ್ಟಿನ ಮೇಲಿನ ದಾರವನ್ನು ನೋಡುತ್ತಿದ್ದಳು, ಮುಟ್ಟಲಿಲ್ಲ.

"ನನ್ನದೇ ತಪ್ಪು" ಎಂದರು ಮೇಷ್ಟ್ರು. "ಎಣಿಕೆ ತಪ್ಪಿತು. ಆರು ಅಂತ ಖಾತ್ರಿ ಇತ್ತು. ಒಂದು ಕೈಯಿಂದ ನಿರ್ಧಾರ ಆಗೋ ಸಂಭವ ಎಷ್ಟು ಕಡಿಮೆ ಅಂತ ನಿಮಗೇ ಗೊತ್ತಲ್ಲ, ನೀವೇ ಟೈಪ್ ಮಾಡಿದ್ದೀರಿ. ನಾಲ್ಕು ನಾಲ್ಕು ಆಗುತ್ತೆ ಅಂತ ಗೊತ್ತಿದ್ದಿದ್ದರೆ ಖಂಡಿತ ಎತ್ತುತ್ತಿದ್ದೆ."

"ಗೊತ್ತು ಸರ್."

"ಮತ್ತೆ?"

ಬೆರಳಕ್ಕ ತಲೆಯೆತ್ತಿದಳು. ಮೂವತ್ತೊಂದು ವರ್ಷದಲ್ಲಿ ಅವರ ಮುಖವನ್ನು ಅವಳು ಇಷ್ಟು ನೇರವಾಗಿ ನೋಡಿರಲಿಲ್ಲ. ಹೇಳುವಾಗ ಅವರ ಕಣ್ಣು ಮುಚ್ಚಿರುತ್ತಿತ್ತು, ಕೇಳುವಾಗ ಅವಳದು ಕಿಟಕಿಯ ಕಡೆ ಇರುತ್ತಿತ್ತು.

"ಆರು ಕೈ ಎದ್ದಿದ್ರೂ ನಾನು ನಿಮ್ಮದನ್ನೇ ನೋಡ್ತಿದ್ದೆ ಸರ್. ಎಂಟಕ್ಕೆ ಎಂಟೂ ವಿರೋಧ ಬಂದಿದ್ರೂ ನಿಮ್ಮದನ್ನೇ ನೋಡ್ತಿದ್ದೆ. ಗೆಲ್ಲೋದಕ್ಕಲ್ಲ." ಮೇಜಿನ ಮೇಲಿದ್ದ ಒಂದು ಚಕ್ರವನ್ನು ಸರಿಸಿಟ್ಟಳು. "ಪರ ಅನ್ನೋದರ ಕೆಳಗೆ ನಿಮ್ಮ ಹೆಸರನ್ನ ಒಂದೇ ಒಂದು ಸಲ ನನ್ನ ಕೈಯಿಂದ ಹೊಡೀಬೇಕು ಅಂತ ಕಾಯ್ತಾ ಇದ್ದೆ. ಮೊದಲನೇ ಅಕ್ಷರದ ಮೇಲೆ ಬೆರಳು ಇಟ್ಕೊಂಡೇ ಕೂತಿದ್ದೆ."

ಒಳಗೆ ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದಾಯಿತು. ಮೇಷ್ಟ್ರ ಬಲಗೈ ತೊಡೆಯ ಮೇಲಿಂದ ಸ್ವಲ್ಪ ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಹಾಗೇ ಕೆಳಗಿಳಿಯಿತು. ಬೆರಳಕ್ಕ ಕಾಗದದ ಕಟ್ಟನ್ನು ಎತ್ತಿ, ಎರಡೂ ಕೈಯಿಂದ ಅವರಿಗೆ ವಾಪಸು ಕೊಟ್ಟಳು.

"ಟೀ ಕುಡಿದು ಹೋಗಿ ಸರ್" ಎಂದಳು.